ಹಳೇ ಮನೆಯ ವೈರಿಂಗ್: ಏನೇನು ನೋಡಬೇಕು, ಯಾವುದನ್ನು ಮೊದಲು ಬದಲಿಸಬೇಕು

ಹಳೇ ಮನೆಯ ವೈರಿಂಗ್ ಬಗ್ಗೆ ಯಾರನ್ನು ಕೇಳಿದರೂ ಎರಡೇ ಉತ್ತರ. ಒಂದು, "ಇಷ್ಟು ವರ್ಷ ಏನೂ ಆಗಿಲ್ಲ, ಈಗೇನಾಗುತ್ತೆ ಬಿಡಿ." ಇನ್ನೊಂದು, "ಎಲ್ಲಾ ಕಿತ್ತುಹಾಕಿ ಹೊಸದು ಮಾಡಿಸಿಬಿಡಿ." ಎರಡೂ ಒಂದು ಬೋರ್ಡನ್ನೂ ಬಿಚ್ಚಿ ನೋಡದೆ ಹೇಳುವ ಮಾತು.

ಗೋಡೆಯೊಳಗಿನ ತಾಮ್ರಕ್ಕೆ ಅಷ್ಟು ಬೇಗ ವಯಸ್ಸಾಗುವುದಿಲ್ಲ. ವಯಸ್ಸಾಗುವುದು ಅದರ ಮೇಲಿನ ಹೊದಿಕೆಗೆ, ವೈರಿಗೆ ವೈರು ಸೇರುವ ಜಾಯಿಂಟುಗಳಿಗೆ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಲು ಹೂತಿಟ್ಟ ಅರ್ಥಿಂಗ್‌ಗೆ (ಅರ್ತ್). ಇದರ ಜೊತೆಗೆ, ನಾಲ್ಕು ಬಲ್ಬು ಎರಡು ಫ್ಯಾನಿಗೆಂದು ಎಳೆದ ಲೈನಿಗೆ ಆಮೇಲೆ ಇದ್ದವರೆಲ್ಲ ಒಂದೊಂದು ಪಾಯಿಂಟ್ ಸೇರಿಸುತ್ತಾ ಹೋಗಿರುತ್ತಾರಲ್ಲ, ಅರ್ಧ ತಾಪತ್ರಯ ಅಲ್ಲೇ ಇರುತ್ತದೆ. ಈ ನಾಲ್ಕನ್ನೂ ಬೇರೆ ಬೇರೆಯಾಗಿ ನೋಡಿ. ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ನಾಳೆಯೇ ತೆಗೆಸಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ನೋಡುವುದು, ಮೂಸುವುದು, ಪಟ್ಟಿ ಮಾಡುವುದು, ಮೇನ್ ಆಫ್ ಮಾಡಿ ಕವರ್ ತೆಗೆಯುವುದು, ಇಷ್ಟು ನಿಮ್ಮ ಕೆಲಸ. ಬಿಚ್ಚಿ ಜೋಡಿಸುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಆದರೆ ನಿಮಗೆ ವಿಷಯ ಗೊತ್ತಿದ್ದರೆ ಅವರು ಮಾಡುವ ಕೆಲಸವೂ ಬೇರೆ ಥರ ಇರುತ್ತದೆ. ಇದು ಅನುಭವದ ಮಾತು.

ಕವರ್ ತೆಗೆಯುವ ಮೊದಲು

ಮೇನ್ ಸ್ವಿಚ್ ಆಫ್ ಮಾಡಿದರೆ ಮನೆಯೆಲ್ಲ ಸತ್ತಿತು ಅಂದುಕೊಳ್ಳಬೇಡಿ. ಇನ್ವರ್ಟರ್ ಇದ್ದರೆ ಕರೆಂಟ್ ಹೋದ ಕೂಡಲೇ ಅದು ತಾನೇ ಎದ್ದು ಅರ್ಧ ಮನೆಗೆ ಕರೆಂಟ್ ಕೊಡುತ್ತದೆ, ಅದಕ್ಕೇ ಅದನ್ನು ಇಟ್ಟಿರುವುದು ಅಲ್ವಾ. ಇನ್ವರ್ಟರನ್ನೂ ಆಫ್ ಮಾಡಿ, ಅದರ ಔಟ್‌ಪುಟ್ ಬಿಡಿಸಿ. ಮಹಡಿ ಮೇಲೆ ಸೋಲಾರ್ ಇದ್ದರೆ, ಜನರೇಟರ್ ಇದ್ದರೆ ಅವಕ್ಕೂ ಇದೇ ಮಾತು. ಇನ್ನೊಂದು ವಿಷಯ, ಮೇನ್ ಸ್ವಿಚ್ ಆಫ್ ಆದರೂ ಮೀಟರಿನಿಂದ ಮೇನ್ ಸ್ವಿಚ್ಚಿನವರೆಗಿನ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದು ಸರಬರಾಜು ಮಾಡುವವರ ಭಾಗ, ಅದರ ತಂಟೆಗೆ ಹೋಗಬಾರದು.

ಎಲ್ಲರ ಮನೆಯಲ್ಲೂ ಒಂದು ನಿಯಾನ್ ಟೆಸ್ಟರ್ ಇರುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಅದು ಉರಿಯುವುದು ನಿಮ್ಮ ಮೈ ಮೂಲಕ ನೆಲಕ್ಕೆ ಹರಿಯುವ ಚೂರು ಕರೆಂಟಿನಿಂದ. ಮರದ ಸ್ಟೂಲ್ ಮೇಲೆ ರಬ್ಬರ್ ಚಪ್ಪಲಿ ಹಾಕಿಕೊಂಡು ನಿಂತಿದ್ದರೆ ಮಂಕಾಗಿ ಉರಿಯುತ್ತದೆ, ಬಿಸಿಲಿನಲ್ಲಿ ಅದು ಕಾಣುವುದೇ ಇಲ್ಲ. ಇನ್ನೊಂದು ಕಡೆ, ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರು, ಎಲ್ಲೋ ತುಂಡಾಗಿ ಆ ಲೈನಿನಲ್ಲಿ ಯಾವುದಾದರೂ ಸ್ವಿಚ್ ಆನ್ ಇದ್ದರೆ ಸಾಕೆಟ್ಟಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುತ್ತದೆ. ಎರಡು ಕಡ್ಡಿಯ ವೋಲ್ಟೇಜ್ ಟೆಸ್ಟರೋ ಮಲ್ಟಿಮೀಟರೋ ಇಟ್ಟುಕೊಳ್ಳಿ. ಅದನ್ನು ಬಳಸುವುದಕ್ಕೂ ಒಂದು ಕ್ರಮ ಇದೆ. ಮೊದಲು ಕರೆಂಟ್ ಇರುವುದು ಗ್ಯಾರಂಟಿ ಗೊತ್ತಿರುವ ಕಡೆ ಹಿಡಿದು ನೋಡಿ, ಆಮೇಲೆ ನಿಮಗೆ ಬೇಕಾದ ಕಡೆ ಹಿಡಿಯಿರಿ, ಆಮೇಲೆ ಮತ್ತೆ ಮೊದಲನೇ ಜಾಗಕ್ಕೆ ಹೋಗಿ ನೋಡಿ. ಮಧ್ಯದಲ್ಲಿ ಮೀಟರೇ ಕೆಟ್ಟಿಲ್ಲ ಅನ್ನುವುದು ಖಾತ್ರಿಯಾಗಬೇಕಲ್ಲ.

ಬಣ್ಣವನ್ನಂತೂ ನಂಬಲೇಬೇಡಿ. ಒಂದು ಪದ್ಧತಿಯಲ್ಲಿ ಕೆಂಪು ಫೇಸ್ (ಕರೆಂಟ್ ತರುವ ವೈರು), ಕಪ್ಪು ನ್ಯೂಟ್ರಲ್. ಇನ್ನೊಂದರಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಬ್ರಿಟನ್ನಿನಲ್ಲಿ 2004ರಲ್ಲಿ ಬಣ್ಣವೇ ಬದಲಾಯಿತು, ಹಾಗಾಗಿ ಒಂದೇ ಮನೆಯಲ್ಲಿ ಎರಡೂ ಸಿಗುತ್ತವೆ. ಇದೆಲ್ಲ ನಿಯಮದ ಮಾತು. ಹಳೇ ಮನೆಯಲ್ಲಿ ಆ ದಿನ ಕೈಗೆ ಯಾವ ಸುರುಳಿ ಸಿಕ್ಕಿತೋ ಅದೇ ಬಣ್ಣ. ನಾನು ಒಮ್ಮೆ ಬಿಚ್ಚಿದ ಬೋರ್ಡಿನಲ್ಲಿ ಹಸಿರು ವೈರು ಫೇಸ್ ಆಗಿತ್ತು. ಅರ್ತ್ ಅಂದುಕೊಂಡು ಹಿಡಿಯುವುದರಲ್ಲಿದ್ದೆ.

ಬಿಚ್ಚದೆಯೇ ಗೊತ್ತಾಗುವುದು

ಮೊದಲ ದಿನ ಏನೂ ಬಿಚ್ಚಬೇಡಿ. ಸುಮ್ನೆ ಒಂದು ಹಾಳೆ ಪೆನ್ಸಿಲ್ ಹಿಡಿದು ಕೋಣೆ ಕೋಣೆ ಸುತ್ತಿ. ಹೆಚ್ಚು ಕರೆಂಟ್ ಎಳೆಯುವ ಸಾಮಾನನ್ನು ಅರ್ಧ ಗಂಟೆ ಓಡಿಸಿ, ಆಮೇಲೆ ಆ ಪ್ಲಗ್ಗಿನ ಮೇಲೆ, ಸ್ವಿಚ್ ಪ್ಲೇಟಿನ ಮೇಲೆ ಕೈಯ ಹಿಂಭಾಗ ಇಟ್ಟು ನೋಡಿ. ಬಿಸಿ ತಾಗಬಾರದು. ಪ್ಲೇಟಿನ ಸುತ್ತ ಕಂದು ಕಲೆ, ಕರಗಿದಂತಿರುವ ಅಂಚು, ಸ್ವಿಚ್ ಹಾಕಿದಾಗ ಚಿಟಿಚಿಟಿ ಶಬ್ದ, ಇವೆಲ್ಲ ಒಳಗೆ ಸ್ಕ್ರೂ ಸಡಿಲವಾಗಿದೆ ಅನ್ನುವುದರ ಗುರುತು. ವಾಸನೆಯೂ ಮುಖ್ಯ. ಬಿಸಿಯಾದ ಹಳೇ ಸ್ವಿಚ್ಚು ಸಾಕೆಟ್ಟುಗಳ ಪ್ಲಾಸ್ಟಿಕ್ ಎಷ್ಟೋ ಸಲ ಸುಟ್ಟ ವಾಸನೆ ಕೊಡುವ ಮೊದಲು ಮೀನಿನಂಥ ವಾಸನೆ ಕೊಡುತ್ತದೆ. ಮನೆಯಲ್ಲಿ ಮೀನು ತಂದಿಲ್ಲ, ಆದರೂ ವಾಸನೆ ಬರುತ್ತಿದೆ ಅಂದರೆ ಬೋರ್ಡಿನ ಹತ್ತಿರ ಮೂಗು ಒಯ್ಯಿರಿ.

ಮೋಟಾರ್ ಸ್ಟಾರ್ಟ್ ಆದಾಗ ಲೈಟು ಒಂದು ಕ್ಷಣ ಮಂಕಾಗುವುದು ಮಾಮೂಲು. ಮಂಕಾಗಿಯೇ ಉಳಿದರೆ, ಅಥವಾ ಏನೂ ಕಾರಣವಿಲ್ಲದೆ ಮಿಣುಕಿದರೆ, ಎಲ್ಲೋ ಜಾಯಿಂಟ್ ಹೋಗಿದೆ. ಒಂದು ಕಡೆ ಲೈಟು ಮಂಕಾಗಿ ಇನ್ನೊಂದು ಕಡೆ ಜಾಸ್ತಿ ಪ್ರಕಾಶ ಬಂದರೆ ನ್ಯೂಟ್ರಲ್ ಹೋಗುತ್ತಿದೆ ಅಂತ ಅರ್ಥ. ಆಗ ಪಟ್ಟಿ ಗಿಟ್ಟಿ ಬಿಟ್ಟು ಮೇನ್ ಆಫ್ ಮಾಡಿ ಜನ ಕರೆಸಿ. ಯಾವ ಕ್ಷಣದಲ್ಲಾದರೂ ವೋಲ್ಟೇಜ್ ಏರಿ ಮನೆಯ ಸಾಮಾನೆಲ್ಲ ಸುಡಬಹುದು.

ಫ್ರಿಜ್ ಬಾಗಿಲು ಮುಟ್ಟಿದರೆ, ನಲ್ಲಿ ಮುಟ್ಟಿದರೆ ಜುಮ್ ಅನ್ನುವುದು ಇನ್ನೊಂದು ದೂರು. ಇದರಲ್ಲಿ ಎರಡು ಬಗೆ ಇದೆ. ಲ್ಯಾಪ್‌ಟಾಪ್, ಕಂಪ್ಯೂಟರ್ ಥರದ್ದರಲ್ಲಿ ಚಾರ್ಜರ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದಾಗಿ, ಅರ್ತ್ ಇಲ್ಲದಿದ್ದರೆ, ಲೋಹದ ಮೈಯಲ್ಲಿ ಅರ್ಧದಷ್ಟು ವೋಲ್ಟೇಜ್ ತೋರಿಸುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಅದರಿಂದ ಪ್ರಾಣ ಹೋಗುವುದಿಲ್ಲ. ಆದರೆ ಆ ಸಾಕೆಟ್ಟಿನಲ್ಲಿ ಅರ್ತ್ ಇಲ್ಲ ಅನ್ನುವುದನ್ನು ಅದು ಹೇಳಿಬಿಟ್ಟಿತು. ಗೀಸರ್, ವಾಷಿಂಗ್ ಮಷಿನ್, ನಲ್ಲಿಯಲ್ಲಿ ಜುಮ್ ಅಂದರೆ ಮಾತ್ರ ಆವತ್ತೇ ಅದನ್ನು ಬಳಸುವುದು ನಿಲ್ಲಿಸಿ.

ಬೋರ್ಡ್ ಒಳಗೆ

ಈಗ ಮೇನ್ ಆಫ್ ಮಾಡಿ ಒಂದೊಂದೇ ಕವರ್ ತೆಗೆಯಿರಿ. ಮೊದಲು ನೋಡಬೇಕಾದದ್ದು ವೈರಿನ ಹೊದಿಕೆ.

ಮೇಲೆ ಹತ್ತಿಯ ನೇಯ್ಗೆ, ಒಳಗೆ ಕಪ್ಪು ರಬ್ಬರ್ ಇದ್ದರೆ ಅದು ಪಿವಿಸಿ ಪ್ಲಾಸ್ಟಿಕ್ ಹೊದಿಕೆಗಿಂತ ಹಿಂದಿನ ಕಾಲದ್ದು. ಪಿವಿಸಿ ವೈರು ಮನೆಗಳಲ್ಲಿ ಮಾಮೂಲಾದದ್ದು 1950, 60ರ ದಶಕಗಳ ಹೊತ್ತಿಗೆ. ರಬ್ಬರ್ ವರ್ಷ ಕಳೆದಂತೆ ಒಣಗಿ ಗರಿಗರಿಯಾಗುತ್ತದೆ, ಅದರಲ್ಲೂ ಬಲ್ಬ್ ಹೋಲ್ಡರ್ ಹತ್ತಿರ ಬಿಸಿ ತಿಂದ ಕಡೆ. ಸ್ವಲ್ಪ ಬಗ್ಗಿಸಿದರೆ ಪುಡಿಯಾಗಿ ಉದುರುತ್ತದೆ. ಈ ವೈರಿನ ಬಗ್ಗೆ ನನ್ನದು ಒಂದೇ ಮಾತು: ರಿಪೇರಿ ಬೇಡ, ಪೂರ್ತಿ ಬದಲಿಸಿ. ಬೋರ್ಡಿನಲ್ಲಿ ಕಾಣುವ ಅರ್ಧ ಅಡಿಗೆ ಟೇಪ್ ಸುತ್ತಬಹುದು, ಆದರೆ ಪೈಪಿನೊಳಗೆ ತಿರುವಿನಲ್ಲಿ ಅದು ಹೇಗಿದೆ ಅನ್ನುವುದು ಯಾರಿಗೂ ಕಾಣುವುದಿಲ್ಲ. ಮುಟ್ಟದೆ ಇದ್ದಷ್ಟು ದಿನ ಸುಮ್ಮನಿರುವ ವೈರು, ಒಂದು ಸ್ವಿಚ್ ಬದಲಿಸಲು ಎಳೆದ ದಿನವೇ ಶಾರ್ಟ್ ಆಗುತ್ತದೆ. ಹೊರಮೈ ಸೀಸದ್ದಾಗಿದ್ದರೆ ಅದನ್ನು ಉಜ್ಜಬೇಡಿ, ಕೆರೆಯಬೇಡಿ, ಆ ಪುಡಿ ಉಸಿರಿಗೆ ಹೋಗಬಾರದು. ತೀರಾ ಹಳೆಯ ಫ್ಯೂಸ್ ಕ್ಯಾರಿಯರ್‌ಗಳಲ್ಲಿ ಆಸ್ಬೆಸ್ಟಾಸ್ ಪಟ್ಟಿ ಇರುವುದುಂಟು, ಅದಕ್ಕೂ ಇದೇ ಎಚ್ಚರ.

ಪಿವಿಸಿ ವೈರಾದರೆ ಬಗ್ಗಿಸಿ ನೋಡಿ. ಮೆತ್ತಗಿದ್ದು ಬಿರುಕು ಬಿಡದಿದ್ದರೆ, ಮುಂದೆ ಹೇಳುವ ಮೆಗ್ಗರ್ ಟೆಸ್ಟಿನಲ್ಲೂ ಪಾಸಾದರೆ, ಲೈಟು ಫ್ಯಾನಿನ ಲೈನನ್ನು ಹಾಗೇ ಉಳಿಸಿಕೊಳ್ಳಬಹುದು. ಕೆಲವು ಹಳೇ ಪಿವಿಸಿಯಲ್ಲಿ ವೈರಿನ ತುದಿಯಿಂದ ಹಸಿರು ಬಣ್ಣದ ಅಂಟು ಇಳಿದಿರುತ್ತದೆ. ಪ್ಲಾಸ್ಟಿಕ್ಕನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ಅಂಶ ಹೊರಬಂದು ತಾಮ್ರದ ಜೊತೆ ಸೇರಿ ಹಾಗಾಗುತ್ತದೆ. ಅದನ್ನು ಕಂಡರೆ ಬದಲಿಸುವ ಪಟ್ಟಿಗೆ ಸೇರಿಸಿ.

ವೈರಿನ ತುದಿ ಬೆಳ್ಳಗಿದ್ದರೆ ಎರಡು ಸಾಧ್ಯತೆ. ರಬ್ಬರ್ ವೈರಿನಲ್ಲಿ ತಾಮ್ರಕ್ಕೆ ತವರ ಬಳಿದಿರುತ್ತಾರೆ, ಚಾಕುವಿನಿಂದ ಸ್ವಲ್ಪ ಕೆರೆದರೆ ಒಳಗೆ ಕೆಂಪು ಕಾಣುತ್ತದೆ. ಕೆರೆದರೂ ಬೆಳ್ಳಗೇ ಇದ್ದರೆ ಅಲ್ಯೂಮಿನಿಯಂ. ಅಮೆರಿಕದಲ್ಲಿ ತಾಮ್ರ ದುಬಾರಿಯಾದಾಗ, ಸುಮಾರು 1965ರಿಂದ 1973ರವರೆಗೆ, ಲಕ್ಷಗಟ್ಟಲೆ ಮನೆಗಳಿಗೆ ಇದನ್ನೇ ಹಾಕಿದ್ದರು, ಬೇರೆ ದೇಶಗಳಲ್ಲೂ ಹಾಕಿದ್ದಾರೆ. ವೈರಿನ ಉದ್ದಕ್ಕೂ ಅದು ಚೆನ್ನಾಗೇ ಇರುತ್ತದೆ, ತೊಂದರೆ ಇರುವುದು ತುದಿಯಲ್ಲಿ. ಬಿಸಿಗೆ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗಿ ಜರುಗುತ್ತದೆ, ಗಾಳಿ ತಾಗಿದ ಕೂಡಲೇ ಮೇಲೆ ಕರೆಂಟ್ ಬಿಡದ ಪದರ ಕಟ್ಟುತ್ತದೆ. ಇವತ್ತು ಬಿಗಿದ ಸ್ಕ್ರೂ ಕೆಲವು ವರ್ಷಕ್ಕೆ ತಾನೇ ಸಡಿಲ. ಅದನ್ನು ತಾಮ್ರದ ಜೊತೆ ಕೈಯಲ್ಲೇ ಹೊಸೆದು ಟೇಪ್ ಸುತ್ತಿದ್ದರೆ ಇನ್ನೂ ಕೆಟ್ಟದ್ದು, ತೇವ ತಾಗಿದರೆ ಎರಡು ಲೋಹದ ನಡುವೆ ತುಕ್ಕಿನಂತೆ ತಿನ್ನುತ್ತದೆ. ಬದಲಿಸಲು ಆಗದಿದ್ದರೆ ಕನಿಷ್ಠ ಪ್ರತಿ ಜಾಯಿಂಟಿಗೂ ಅಲ್ಯೂಮಿನಿಯಂ ಮತ್ತು ತಾಮ್ರ ಎರಡಕ್ಕೂ ಆಗುವ ಕನೆಕ್ಟರ್ ಹಾಕಿಸಿ.

ಜಾಯಿಂಟಿನ ವಿಷಯಕ್ಕೆ ಸ್ವಲ್ಪ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಸಡಿಲ ಜಾಯಿಂಟಿನಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ, 10 ಆಂಪ್ ಹರಿಯುತ್ತಿದೆ. ಕರೆಂಟಿನ ವರ್ಗವನ್ನು ರೆಸಿಸ್ಟೆನ್ಸ್‌ನಿಂದ ಗುಣಿಸಿದರೆ 50 ವ್ಯಾಟ್. ಸೀಸ ಕರಗಿಸುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟ್. ಅಂದರೆ ಬೆರಳ ತುದಿಯಷ್ಟು ಜಾಗದಲ್ಲಿ, ಮರದ ಬೋರ್ಡಿನ ಹಿಂದೆ, ಎರಡು ಸೋಲ್ಡರಿಂಗ್ ಐರನ್ ಉರಿಯುತ್ತಿವೆ. ಇದನ್ನು ಫ್ಯೂಸ್ ಕೂಡ ಕಂಡುಹಿಡಿಯುವುದಿಲ್ಲ, ಎಂಸಿಬಿಯೂ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಕಂಡುಹಿಡಿಯುವುದಿಲ್ಲ. ಅವುಗಳ ಲೆಕ್ಕದಲ್ಲಿ ಹರಿಯುತ್ತಿರುವುದು ಬರೀ 10 ಆಂಪ್, ಎಲ್ಲ ಸರಿಯಾಗಿದೆ. ಹಾಗಾಗಿ ಬೇರೇನೂ ಮಾಡಿಸಲು ಕೈಯಲ್ಲಿ ದುಡ್ಡಿಲ್ಲದಿದ್ದರೂ ಒಂದು ಕೆಲಸ ಮಾಡಿಸಿ: ಪ್ರತಿ ಬೋರ್ಡ್ ಬಿಚ್ಚಿ, ಸುಟ್ಟ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಸ್ಕ್ರೂ ಬಿಗಿಸುವುದು. ಹೊಸೆದು ಟೇಪ್ ಸುತ್ತಿದ ಜಾಯಿಂಟೆಲ್ಲ ಕತ್ತರಿಸಿ ಕನೆಕ್ಟರ್ ಹಾಕಿಸುವುದು. ಜಾಯಿಂಟ್ ಯಾವಾಗಲೂ ತೆರೆದು ನೋಡಬಹುದಾದ ಬಾಕ್ಸಿನಲ್ಲಿರಬೇಕು, ಗಾರೆಯ ಒಳಗೆ ಹೂಳಬಾರದು.

ಬೋರ್ಡ್ ಬಿಚ್ಚಿದಾಗಲೇ ಇನ್ನೆರಡು ನೋಡಿ. ಸ್ವಿಚ್ ಇರುವುದು ಫೇಸಿನಲ್ಲೋ ನ್ಯೂಟ್ರಲ್‌ನಲ್ಲೋ. ನ್ಯೂಟ್ರಲ್‌ನಲ್ಲಿದ್ದರೂ ಬಲ್ಬ್ ಆರುತ್ತದೆ, ಉರಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಆಫ್ ಮಾಡಿ ಬಲ್ಬ್ ಬದಲಿಸುವಾಗ ಹೋಲ್ಡರಿನಲ್ಲಿ ಪೂರ್ತಿ ಕರೆಂಟ್ ಇರುತ್ತದೆ. ಎರಡನೆಯದು, ಹಳೇ ಮೇನ್ ಬೋರ್ಡಿನಲ್ಲಿ ಫೇಸಿಗೊಂದು ನ್ಯೂಟ್ರಲ್ಲಿಗೊಂದು ಫ್ಯೂಸ್ ಇರುವುದುಂಟು. ನ್ಯೂಟ್ರಲ್ ಫ್ಯೂಸ್ ಮಾತ್ರ ಹೋದರೆ ಏನೂ ಓಡುವುದಿಲ್ಲ, ಕರೆಂಟ್ ಹೋಗಿದೆ ಅನ್ನಿಸುತ್ತದೆ, ಫೇಸ್ ಮಾತ್ರ ಜೀವಂತ. ಈ ನ್ಯೂಟ್ರಲ್ ಫ್ಯೂಸನ್ನು ತೆಗೆಸಲೇಬೇಕು.

ಅರ್ಥಿಂಗ್, ಎಲ್ಲರೂ ಮೋಸ ಹೋಗುವ ಜಾಗ

ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ತ್ ಇದೆ ಅಂತಲ್ಲ. ಹಳೇ ಮನೆಯಲ್ಲಿ ಎರಡು ಪಿನ್ನಿನ ಸಾಕೆಟ್ ಇತ್ತು, ಯಾರೋ ಅದನ್ನು ತೆಗೆದು ಮೂರು ಪಿನ್ನಿಂದು ಕೂರಿಸಿದರು, ಹಿಂದೆ ಬರುವ ವೈರು ಎರಡೇ. ಮೂರನೇ ಪಿನ್ ಖಾಲಿ ಬಿಟ್ಟಿದ್ದರೆ ಅದು ಒಂದು ಮಟ್ಟದ ತಪ್ಪು. ಅದನ್ನು ಒಂದು ತುಂಡು ವೈರಿನಿಂದ ಪಕ್ಕದ ನ್ಯೂಟ್ರಲ್ಲಿಗೆ ಸೇರಿಸಿದ್ದರೆ ಅದು ಕೊಲೆಗಡುಕತನ. ನ್ಯೂಟ್ರಲ್ ಎಲ್ಲಿ ತುಂಡಾದರೂ ಮರುಕ್ಷಣ ಫ್ರಿಜ್ಜಿನ ಮೈಗೆ ಪೂರ್ತಿ ಕರೆಂಟ್ ಬರುತ್ತದೆ, ಫ್ರಿಜ್ಜಿನಲ್ಲಿ ಯಾವ ದೋಷವೂ ಇಲ್ಲದೆ. ಕೆಲವು ವ್ಯವಸ್ಥೆಗಳಲ್ಲಿ ಮೇನ್ ಹತ್ತಿರ ನ್ಯೂಟ್ರಲ್ ಮತ್ತು ಅರ್ತ್ ಸೇರಿಸಿರುತ್ತಾರೆ, ಅದಕ್ಕೆ ಬೇರೆ ನಿಯಮ ಇದೆ. ಸಾಕೆಟ್ಟಿನಲ್ಲಿ ಮಾತ್ರ ಯಾವತ್ತೂ ಇಲ್ಲ. ಸಾಕೆಟ್ ಬಿಚ್ಚಿದಾಗ ಈ ತುಂಡು ವೈರು ಕಂಡರೆ ಅಂದೇ ತೆಗೆಸಿ.

ಹಿಂದೆ ಕಬ್ಬಿಣದ ನೀರಿನ ಪೈಪನ್ನೇ ಅರ್ತ್ ಆಗಿ ಬಳಸುತ್ತಿದ್ದರು. ಆಮೇಲೆ ಯಾವಾಗಲೋ ನೆಲದಡಿಯ ಪೈಪನ್ನು ಪ್ಲಾಸ್ಟಿಕ್ಕಿಗೆ ಬದಲಿಸಿರುತ್ತಾರೆ. ಅರ್ತ್ ವೈರು ಈಗ ಎಲ್ಲಿಗೂ ಹೋಗುವುದಿಲ್ಲ, ಆದರೆ ಮನೆಯೊಳಗಿನ ಉಳಿದ ಲೋಹದ ನಲ್ಲಿಗಳನ್ನೆಲ್ಲ ಒಂದಕ್ಕೊಂದು ಸೇರಿಸಿಟ್ಟಿದೆ. ಒಂದು ಗೀಸರ್ ಕೆಟ್ಟರೆ ಎಲ್ಲ ನಲ್ಲಿಯಲ್ಲೂ ಶಾಕ್. ಕಬ್ಬಿಣದ ಪೈಪಿನೊಳಗೆ ಎಳೆದ ವೈರಿಂಗ್ ಆದರೆ ಆ ಪೈಪೇ ಅರ್ತ್ ದಾರಿ, ಪೈಪಿಗೆ ಪೈಪು ಸೇರುವ ಒಂದು ಜೋಡಣೆ ತುಕ್ಕು ಹಿಡಿದರೂ ಆ ದಾರಿ ಮುಚ್ಚಿತು.

ಅರ್ತ್ ನೋಡಲು ಫೇಸಿಗೂ ಅರ್ತಿಗೂ ನಡುವೆ ಬಲ್ಬ್ ಹಾಕಿ "ಉರೀತು, ಅರ್ತ್ ಸೂಪರ್" ಅನ್ನುವವರಿದ್ದಾರೆ. ಒಪ್ಪಬೇಡಿ. ಲೆಕ್ಕ ನೋಡಿ. 230 ವೋಲ್ಟಿನಲ್ಲಿ 60 ವ್ಯಾಟಿನ ಬಲ್ಬ್ ಎಳೆಯುವುದು ಕಾಲು ಆಂಪ್ ಚಿಲ್ಲರೆ. ಅರ್ತ್ ರೆಸಿಸ್ಟೆನ್ಸ್ 100 ಓಮ್ ಇದ್ದರೂ ಕಳೆದುಹೋಗುವುದು 25 ವೋಲ್ಟಿನ ಆಸುಪಾಸು, ಬಲ್ಬ್ ಹೆಚ್ಚುಕಡಿಮೆ ಪೂರ್ತಿಯೇ ಉರಿಯುತ್ತದೆ. ಆದರೆ ಅದೇ 100 ಓಮ್ ಅರ್ತಿನಲ್ಲಿ, ಗೀಸರ್ ಮೈಗೆ ಫೇಸ್ ತಾಗಿದರೆ ಹರಿಯುವುದು 2.3 ಆಂಪ್ ಮಾತ್ರ. ಯಾವ ಫ್ಯೂಸೂ ಹಾರುವುದಿಲ್ಲ. ಹೋಗಲಿ, ಅರ್ತ್ ಒಳ್ಳೆಯದಿದೆ, 20 ಓಮ್ ಅನ್ನಿ. 11.5 ಆಂಪ್ ಹರಿಯುತ್ತದೆ. 16 ಆಂಪಿನ ಎಂಸಿಬಿ ಅದನ್ನು ಮಾಮೂಲಿ ಲೋಡ್ ಅಂದುಕೊಂಡು ಸುಮ್ಮನಿರುತ್ತದೆ. ಮೈಯಲ್ಲಿ ಕರೆಂಟ್ ನಿಂತೇ ಇರುತ್ತದೆ.

ಅದಕ್ಕೇ ಆರ್‌ಸಿಸಿಬಿ ಬೇಕು. ಅದು ಹೋಗುವ ಕರೆಂಟನ್ನೂ ಬರುವ ಕರೆಂಟನ್ನೂ ತೂಗಿ ನೋಡುತ್ತದೆ. ಎರಡರ ನಡುವೆ ವ್ಯತ್ಯಾಸ ಬಂದರೆ, ಅಂದರೆ ಕರೆಂಟ್ ಬೇರೆ ಯಾವುದೋ ದಾರಿಯಲ್ಲಿ ನೆಲಕ್ಕೆ ಹೋಗುತ್ತಿದ್ದರೆ, ಕಟ್ ಮಾಡುತ್ತದೆ. ಜನರ ರಕ್ಷಣೆಗೆ ಹಾಕುವುದು 30 ಮಿಲಿಆಂಪಿನದ್ದು, ಅಷ್ಟು ಸೋರಿದರೆ 0.3 ಸೆಕೆಂಡಿನೊಳಗೆ ಬೀಳಬೇಕು, ಜಾಸ್ತಿ ಸೋರಿದರೆ ಇನ್ನೂ ಬೇಗ. 100 ಅಥವಾ 300 ಮಿಲಿಆಂಪಿನದ್ದು ಬೆಂಕಿಯ ರಕ್ಷಣೆಗೆ, ಮನುಷ್ಯರಿಗಲ್ಲ. ಅದನ್ನು ಕೊಡಲು ಬಂದರೆ ಬೇಡ ಅನ್ನಿ. ಅರ್ತ್ ಇಲ್ಲದ ಮನೆಯಲ್ಲೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ, ಒಂದು ವ್ಯತ್ಯಾಸ ಇಷ್ಟೇ: ಅರ್ತ್ ಇದ್ದರೆ ದೋಷ ಬಂದ ಕೂಡಲೇ ಬೀಳುತ್ತದೆ, ಇಲ್ಲದಿದ್ದರೆ ಯಾರೋ ಮುಟ್ಟಿ ಒಂದು ಏಟು ತಿಂದ ಮೇಲೆ ಬೀಳುತ್ತದೆ. ಒಂದು ಕೈಯಲ್ಲಿ ಫೇಸ್ ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಮಾತ್ರ ಅದಕ್ಕೆ ಏನೂ ಗೊತ್ತಾಗುವುದಿಲ್ಲ, ನಿಮ್ಮನ್ನೂ ಒಂದು ಬಲ್ಬ್ ಅಂದುಕೊಳ್ಳುತ್ತದೆ.

ಲೋಡ್ ಲೆಕ್ಕ

ಇದು ಸುಲಭ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿ. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ 8.7 ಆಂಪ್, 1500 ವ್ಯಾಟಿನ ಕೆಟಲ್ 6.5, 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 4.3. ಮೂರೂ ಒಂದೇ ಲೈನಿನಲ್ಲಿದ್ದರೆ 19.5. 120 ವೋಲ್ಟ್ ಇರುವ ದೇಶದಲ್ಲಾದರೆ ಇದರ ಸುಮಾರು ಎರಡರಷ್ಟು. ಯಾವ ಪ್ಲಗ್ ಯಾವ ಫ್ಯೂಸಿನಿಂದ ಬರುತ್ತದೆ ಅನ್ನುವುದನ್ನು ಒಂದೊಂದೇ ಫ್ಯೂಸ್ ತೆಗೆದು ಪಟ್ಟಿ ಮಾಡಿ. ಅಡುಗೆಮನೆ, ಬಚ್ಚಲುಮನೆ, ಪಕ್ಕದ ರೂಮು ಮೂರೂ ಒಂದೇ ಫ್ಯೂಸಿನಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ.

ವೈರಿನ ದಪ್ಪ ಈಗ ಚದರ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಹಳಬರು 3/20, 7/20 ಅನ್ನುತ್ತಾರೆ, ಅಂದರೆ 20 ಗೇಜಿನ 3 ಎಳೆ, 7 ಎಳೆ. 3/20 ಅಂದರೆ ಸುಮಾರು 2 ಚದರ ಮಿಮೀ, 7/20 ಅಂದರೆ ಸುಮಾರು 4.6. ಲೈಟಿಗೆ ಹಾಕುತ್ತಿದ್ದ 1/18 ಬರೀ 1.2ರ ಹತ್ತಿರ. ಇವತ್ತು 230 ವೋಲ್ಟಿನ ಮನೆಗೆ ಸಾಮಾನ್ಯವಾಗಿ ಲೈಟು ಫ್ಯಾನಿಗೆ 1.5, ಪ್ಲಗ್ಗಿಗೆ 2.5, ಗೀಸರ್ ಮತ್ತು ಏಸಿಗೆ 4 ಚದರ ಮಿಮೀ ತಾಮ್ರ ಹಾಕುತ್ತಾರೆ. ದೂರ ಜಾಸ್ತಿ ಇದ್ದರೆ, ಒಂದೇ ಪೈಪಿನಲ್ಲಿ ಬಹಳ ವೈರು ಇದ್ದರೆ ಇನ್ನೂ ಒಂದು ಸೈಜ್ ಮೇಲೆ.

ಫ್ಯೂಸ್ ಇರುವುದು ಸಾಮಾನು ಉಳಿಸಲು ಅಲ್ಲ, ಗೋಡೆಯೊಳಗಿನ ವೈರನ್ನು ಉಳಿಸಲು. 5 ಆಂಪ್ ಫ್ಯೂಸ್ ತಂತಿ 0.2 ಮಿಮೀ ದಪ್ಪ, ಹೆಚ್ಚುಕಡಿಮೆ ದಪ್ಪ ಕೂದಲು. ನಿಮ್ಮ ಕಟೌಟ್ (ಫ್ಯೂಸ್ ತಂತಿ ಕಟ್ಟಿದ ಹಿಡಿ) ಎಳೆದು ನೋಡಿ, ಅಲ್ಲಿ ಏನಿದೆ? ಪದೇ ಪದೇ ಹಾರುತ್ತದೆ ಅಂತ ಯಾರೋ ವೈರಿನ ನಾಲ್ಕು ಎಳೆ ಹೊಸೆದು ಕಟ್ಟಿರುತ್ತಾರೆ. ಅದು ಈ ಜನ್ಮದಲ್ಲಿ ಹಾರುವುದಿಲ್ಲ. ಬದಲಿಗೆ ಗೋಡೆಯೊಳಗಿನ ವೈರು ಹಾರುತ್ತದೆ. ಎಂಸಿಬಿಯಲ್ಲೂ ಇದೇ ಆಟ ನಡೆಯುತ್ತದೆ, 10 ಆಂಪ್ ಬೀಳುತ್ತಿದೆ ಅಂತ 32 ಆಂಪಿಂದು ಕೂರಿಸುವುದು. 1.5ರ ವೈರಿಗೆ 10 ಆಂಪ್, 2.5ಕ್ಕೆ 16, 4ಕ್ಕೆ 20, ಇದನ್ನು ಮೀರಲು ಹೋಗಬೇಡಿ.

ಮೆಗ್ಗರ್

ಕಣ್ಣಿಗೆ ಕಾಣದ ವೈರಿನ ಆರೋಗ್ಯ ಹೇಳುವುದು, ಹೊದಿಕೆಯ ರೆಸಿಸ್ಟೆನ್ಸ್ ಅಳೆಯುವ ಈ ಮೀಟರ್ ಒಂದೇ. ಎಲ್ಲ ಸಾಮಾನಿನ ಪ್ಲಗ್ ತೆಗೆದು, ಎಲ್‌ಇಡಿ ಬಲ್ಬು, ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಎಲ್ಲ ಬಿಡಿಸಿ, 500 ವೋಲ್ಟ್ ಡಿಸಿ ಕೊಟ್ಟು ಫೇಸಿನಿಂದ ಅರ್ತಿಗೆ, ನ್ಯೂಟ್ರಲ್‌ನಿಂದ ಅರ್ತಿಗೆ, ಫೇಸಿನಿಂದ ನ್ಯೂಟ್ರಲ್ಲಿಗೆ ಎಷ್ಟು ರೆಸಿಸ್ಟೆನ್ಸ್ ಇದೆ ನೋಡುತ್ತಾರೆ. 1 ಮೆಗಓಮ್‌ಗಿಂತ ಕಡಿಮೆ ಇದ್ದರೆ ಫೇಲ್. ಹೊಸ ವೈರು ನೂರಾರು ಮೆಗಓಮ್ ತೋರಿಸುತ್ತದೆ, ಹಾಗಾಗಿ 1.2 ಬಂದರೆ ಪಾಸ್ ಅಂತ ಕುಣಿಯುವ ಹಾಗಿಲ್ಲ. ಒಂದೊಂದು ಲೈನಿನದ್ದೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಸಾಧ್ಯವಾದರೆ ಮಳೆಗಾಲದಲ್ಲಿ ಮಾಡಿಸಿ, ಒಣ ಗೋಡೆ ಸುಳ್ಳು ಹೇಳುತ್ತದೆ. ಮೆಗ್ಗರ್ ಇಲ್ಲದ ಎಲೆಕ್ಟ್ರಿಷಿಯನ್ "ನೋಡಿದರೇ ಗೊತ್ತಾಗುತ್ತೆ ಸಾರ್" ಅಂದರೆ ಬೇರೆಯವರನ್ನು ಹುಡುಕಿ.

ಯಾವುದು ಮೊದಲು

ಎಲ್ಲ ಒಂದೇ ಸಲ ಮಾಡಿಸುವ ಶಕ್ತಿ ಇದ್ದರೆ ಮಾಡಿಸಿ, ಅದೇ ಒಳ್ಳೆಯದು. ಇಲ್ಲದವರಿಗೆ ನಾನು ಹೇಳುವ ಕ್ರಮ ಹೀಗೆ. ಮೊದಲು ಜಾಯಿಂಟು, ಸ್ಕ್ರೂ, ಸುಳ್ಳು ಅರ್ತ್, ದಪ್ಪ ಫ್ಯೂಸ್ ತಂತಿ, ಇವು ಒಂದೆರಡು ದಿನದ ಕೆಲಸ. ಜೊತೆಗೇ ನೆಲದಲ್ಲಿ ಹೂಳುವ ಹೊಸ ಅರ್ತ್ ಎಲೆಕ್ಟ್ರೋಡ್, ಹೊಸ ಡಿಬಿ (ಎಲ್ಲ ಲೈನುಗಳು ಕವಲೊಡೆಯುವ ಮೇನ್ ಬೋರ್ಡ್), ಅದರಲ್ಲಿ ಆರ್‌ಸಿಸಿಬಿ ಮತ್ತು ಎಂಸಿಬಿಗಳು. ಆರ್‌ಸಿಸಿಬಿ ಒಂದೇ ಸಾಲದು, ಓವರ್‌ಲೋಡ್ ಆದರೆ ಅದು ಬೀಳುವುದಿಲ್ಲ. ಎರಡೂ ಕೆಲಸ ಒಂದರಲ್ಲೇ ಬೇಕಾದರೆ ಆರ್‌ಸಿಬಿಒ ಇದೆ. ಗುಡುಗು ಸಿಡಿಲು ಜಾಸ್ತಿ ಇರುವ ಕಡೆ ಒಂದು ಎಸ್‌ಪಿಡಿಯನ್ನೂ (ಸಿಡಿಲಿನಿಂದ ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಧನ) ಇದೇ ಹೊತ್ತಿಗೆ ಕೂರಿಸಿಬಿಡಿ. ಆಮೇಲೆ ಗೀಸರ್, ಏಸಿ, ಅಡುಗೆಮನೆಗೆ ಡಿಬಿಯಿಂದ ನೇರ ಬೇರೆ ಬೇರೆ ಲೈನ್. ಹೆಚ್ಚು ಲೋಡೆಲ್ಲ ಹೊಸ ವೈರಿಗೆ ಹೋದ ಮೇಲೆ ಹಳೇ ವೈರಿಗೆ ಉಳಿಯುವುದು ಲೈಟು ಫ್ಯಾನು ಮಾತ್ರ, ಅದಕ್ಕೆ ಮೂಲದಲ್ಲಿ ಲೆಕ್ಕ ಹಾಕಿದ್ದೂ ಅಷ್ಟೇ. ಅದನ್ನು ಕೋಣೆ ಕೋಣೆಯಾಗಿ, ಬಣ್ಣ ಬಳಿಸುವ ಮೊದಲು ಬದಲಿಸುತ್ತಾ ಬನ್ನಿ. ರಬ್ಬರ್ ವೈರಿನ ಮನೆಗೆ ಈ ಕಂತಿನ ಸೌಲಭ್ಯ ಇಲ್ಲ, ಆಗಲೇ ಹೇಳಿದೆ.

ಹಳೇ ಮನೆಗೆ ಆರ್‌ಸಿಸಿಬಿ ಹಾಕಿದ ದಿನ ಅದು ನಿಲ್ಲುವುದೇ ಇಲ್ಲ, ಹಾಕಿದ ಕೂಡಲೇ ಬೀಳುತ್ತದೆ. ಮಾಲು ಕೆಟ್ಟಿದೆ ಅಂತ ಬೈಪಾಸ್ ಮಾಡಿ ಹೋಗುವವರೇ ಜಾಸ್ತಿ. ಬಿಡಬೇಡಿ. ಹೆಚ್ಚಿನ ಸಲ ಕಾರಣ ನ್ಯೂಟ್ರಲ್. ಹಳೇ ವೈರಿಂಗಿನಲ್ಲಿ ಒಂದು ಲೈನಿನ ಬಲ್ಬಿಗೆ ಪಕ್ಕದ ಲೈನಿನ ನ್ಯೂಟ್ರಲ್ ಎರವಲು ತಂದಿರುತ್ತಾರೆ, ಮೆಟ್ಟಿಲಿನ ಲೈಟಿನಲ್ಲಂತೂ ಇದು ಮಾಮೂಲು. ಇನ್ವರ್ಟರಿನ ನ್ಯೂಟ್ರಲ್ಲನ್ನು ಎಲ್ಲೋ ಸೇರಿಸಿರುತ್ತಾರೆ. ಹೋದ ಕರೆಂಟ್ ಬೇರೆ ದಾರಿಯಲ್ಲಿ ವಾಪಸ್ ಬಂದರೆ ಆರ್‌ಸಿಸಿಬಿಗೆ ಅದು ಸೋರಿಕೆಯೇ. ಪ್ರತಿ ಲೈನಿನ ನ್ಯೂಟ್ರಲ್ ಬೇರ್ಪಡಿಸುವುದೇ ಈ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವ ಭಾಗ, ಮಾತಾಡುವಾಗಲೇ ಅದನ್ನು ಸೇರಿಸಿ ಮಾತಾಡಿ. ಅದು ಸರಿಯಾದ ಮೇಲೂ ಬೀಳುತ್ತಿದ್ದರೆ ಎಲ್ಲ ಪ್ಲಗ್ ತೆಗೆದು ಒಂದೊಂದೇ ಹಾಕುತ್ತಾ ಬನ್ನಿ. ಗೀಸರಿನ ಕಾಯಿಲ್ ಸಿಕ್ಕಿಬೀಳುವುದೇ ಹೆಚ್ಚು. ಮನೆ ದೊಡ್ಡದಿದ್ದರೆ ಒಂದರ ಬದಲು ಎರಡು ಮೂರು ಆರ್‌ಸಿಸಿಬಿ ಹಾಕಿಸಿ, ಸಣ್ಣ ಸಣ್ಣ ಸೋರಿಕೆ ಕೂಡಿ ಬೀಳುವುದು ತಪ್ಪುತ್ತದೆ, ಒಂದು ಬಿದ್ದರೂ ಇಡೀ ಮನೆ ಕತ್ತಲಾಗುವುದಿಲ್ಲ.

ಹಳೇ ಪೈಪಿನಲ್ಲೇ ಹೊಸ ವೈರು ಎಳೆಯಬಹುದಾ ಅಂದರೆ, ಪೈಪು ಚೆನ್ನಾಗಿದ್ದರೆ ಎಳೆಯಬಹುದು. ಹಳೇ ವೈರಿನ ತುದಿಗೆ ಹೊಸದನ್ನು ಕಟ್ಟಿ ಎಳೆಯುವುದು ಸುಲಭದ ದಾರಿ, ಆದರೆ ರಬ್ಬರ್ ಅಂಟಿಕೊಂಡಿದ್ದರೆ ಮಧ್ಯದಲ್ಲಿ ತುಂಡಾಗಿ ಎರಡೂ ಕಡೆಯಿಂದ ಕೆಟ್ಟಿತು. ಪೈಪಿನ ಒಳಜಾಗದಲ್ಲಿ ಶೇಕಡ 40ರಷ್ಟು ಮಾತ್ರ ವೈರು ಇರಬೇಕು, ಉಳಿದದ್ದು ಗಾಳಿಗೆ. ಅರ್ತ್ ವೈರು ಈಗ ಹೆಚ್ಚುವರಿಯಾಗಿ ಸೇರುತ್ತಿದೆ, ವೈರೂ ದಪ್ಪ ಆಗಿದೆ, ಹಾಗಾಗಿ ಹಳೇ ಸಣ್ಣ ಪೈಪು ಎಷ್ಟೋ ಸಲ ಸಾಲುವುದಿಲ್ಲ. ಗೋಡೆ ಒಡೆಯುವುದು ಬೇಡ ಅಂದರೆ ಮೇಲ್ಗಡೆ ಪಿವಿಸಿ ಕೇಸಿಂಗ್ ಹಾಕಿಸಿ. ನೋಡಲು ಅಷ್ಟು ಚೆಂದ ಇರುವುದಿಲ್ಲ, ಒಪ್ಪಿದೆ. ಆದರೆ ಮುಂದೆ ಏನಾದರೂ ಆದರೆ ಮುಚ್ಚಳ ತೆಗೆದರೆ ಸಾಕು. ಹಳೇ ಮಣ್ಣಿನ ಗೋಡೆಗೆ, ಕಲ್ಲಿನ ಗೋಡೆಗೆ ನನ್ನ ಓಟು ಅದಕ್ಕೇ.

ಹೊಸ ವೈರು ಹಾಕಿದ ಮೇಲೆ ಹಳೇ ವೈರನ್ನು ಗೋಡೆಯಲ್ಲೇ ಬಿಟ್ಟರೆ ಎರಡೂ ತುದಿ ಬಿಡಿಸಿ, ಕರೆಂಟ್ ಇಲ್ಲ ಅಂತ ಅಳೆದು ನೋಡಿ, ಕ್ಯಾಪ್ ಹಾಕಿಸಿ. ಒಂದು ತುದಿ ಇನ್ನೂ ಯಾವುದೋ ಬೋರ್ಡಿಗೆ ಅಂಟಿಕೊಂಡಿರುವುದು ಬಹಳ ಸಲ ನೋಡಿದ್ದೇನೆ.

ಗಾರೆ ಮೆತ್ತುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆಯಿರಿ, ಪೈಪಿನ ಪಕ್ಕ ಅಳತೆ ಟೇಪ್ ಹಿಡಿದು. ಕೆಲಸ ಮುಗಿದು ದುಡ್ಡು ಕೊಡುವ ಮೊದಲು ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಬೀಳಬೇಕು. ಅದು ಆರ್‌ಸಿಸಿಬಿ ಸರಿ ಇದೆ ಅಂತ ಮಾತ್ರ ಹೇಳುತ್ತದೆ, ಅರ್ತ್ ಸರಿ ಇದೆ ಅಂತಲ್ಲ, ಅರ್ತಿನ ಓಮ್ ಬೇರೆ ಅಳೆಸಬೇಕು. ಆಮೇಲೆ ವರ್ಷಕ್ಕೆ ಎರಡು ಸಲವಾದರೂ ಆ ಬಟನ್ ಒತ್ತುತ್ತಿರಿ, ಬಹಳ ದಿನ ಅಲುಗಾಡದಿದ್ದರೆ ಒಳಗಿನ ಭಾಗ ಹಿಡಿದುಕೊಳ್ಳುತ್ತದೆ. ಯಾವ ಎಂಸಿಬಿ ಯಾವ ಕೋಣೆಗೆ, ಯಾವ ಲೈನಿನಲ್ಲಿ ಎಷ್ಟು ಮೆಗಓಮ್ ಬಂತು, ಅರ್ತ್ ಎಷ್ಟು ಓಮ್, ಯಾವ ತಾರೀಕು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಡಿಬಿ ಬಾಗಿಲಿನ ಒಳಗಡೆ ಅಂಟಿಸಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ವರ್ಷ ಕಳೆದಂತೆ ಮಸುಕಾಗುತ್ತದೆ.